ಸಣ್ಣ ಕೆರೆಯಲ್ಲಿ ಒಂದು ಮಧ್ಯಾಹ್ನದ ಕಯಾಕಿಂಗ್: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಕಯಾಕಿಂಗ್, ಅಂದರೆ ಎರಡಲಗಿನ ಹುಟ್ಟು ಹಿಡಿದು ಕಿರುದೋಣಿ ನಡೆಸುವುದು, ಎಂದೊಡನೆ ನೊರೆಯೆದ್ದು ಧುಮುಕುವ ನದಿ, ಹೆಲ್ಮೆಟ್ ತೊಟ್ಟ ಸಾಹಸಿಗಳು, ಬಂಡೆಗಳ ನಡುವೆ ನುಸುಳುವ ದೋಣಿಗಳು ಕಣ್ಣ ಮುಂದೆ ಬರುತ್ತವೆ. ಜಾಹೀರಾತುಗಳು ತೋರಿಸುವುದೂ ಅದನ್ನೇ. ಇಲ್ಲಿ ಹೇಳಹೊರಟಿರುವ ಕಯಾಕಿಂಗ್‌ನಲ್ಲಿ ಅಂಥದ್ದೇನೂ ಇಲ್ಲ. ಎರಡು ಮೂರು ಕಿಲೋಮೀಟರ್ ಸುತ್ತಳತೆಯ ಒಂದು ಕೆರೆ, ನಿಂತ ನೀರು, ಕೈಯಲ್ಲಿ ಮೂರು ಗಂಟೆ ಬಿಡುವು ಇದ್ದರೆ ಸಾಕು. ಬಲಿಷ್ಠ ತೋಳುಗಳಾಗಲೀ ಹಿಂದಿನ ಅನುಭವವಾಗಲೀ ಬೇಕಿಲ್ಲ. ಆದರೆ ಕೆಲಸದ ಮುಕ್ಕಾಲು ಪಾಲು ದಡದಲ್ಲೇ ಮುಗಿದಿರಬೇಕು. ನೀರಿನ ಮೇಲೆ ಯೋಚಿಸಲು ಕಡಿಮೆ ಉಳಿದಷ್ಟೂ ನೋಡಲು ಹೆಚ್ಚು ಸಿಗುತ್ತದೆ. ಆದ್ದರಿಂದಲೇ ಈ ಮಾರ್ಗದರ್ಶಿಯಲ್ಲಿ ದೋಣಿ ನೀರು ಮುಟ್ಟುವ ಹೊತ್ತಿಗೆ ಅರ್ಧ ದಾರಿ ಕಳೆದಿರುತ್ತದೆ.

## ಕೆರೆಯನ್ನು ಆರಿಸುವುದು

ಮೊದಲು ತಿಳಿಯಬೇಕಾದದ್ದು ಅಲ್ಲಿ ದೋಣಿ ಇಳಿಸಲು ಅನುಮತಿ ಇದೆಯೇ ಎಂಬುದು. ಕುಡಿಯುವ ನೀರಿನ ಸಂಗ್ರಹಾಗಾರಗಳಲ್ಲಿ, ಪಕ್ಷಿಧಾಮಗಳಲ್ಲಿ, ಖಾಸಗಿ ಒಡೆತನದ ಕೆರೆಗಳಲ್ಲಿ ಸಾಮಾನ್ಯವಾಗಿ ನಿರ್ಬಂಧ ಇರುತ್ತದೆ. ಮೋಟಾರು ದೋಣಿಗಳು ಓಡಾಡುವ ಕೆರೆಯಾದರೆ ಬೇರೆಯದನ್ನು ಹುಡುಕಿ. ಅವುಗಳ ಅಲೆಯಿಂದ ಅಪಾಯವಿರಲಿ ಇಲ್ಲದಿರಲಿ, ಸದ್ದೊಂದೇ ಸಾಕು ಮಧ್ಯಾಹ್ನವನ್ನು ಹಾಳುಮಾಡಲು.

ನೀರಿಗಿಳಿಯುವ ಮುನ್ನ ಕೆರೆಯ ದಂಡೆಯನ್ನು ಒಂದು ಸುತ್ತು ನಡೆದು ನೋಡಿ. ಅದು ಆಗದಿದ್ದರೆ ಮೊಬೈಲ್‌ನ ಉಪಗ್ರಹ ನಕ್ಷೆಯಲ್ಲಾದರೂ ನೋಡಿ. ಇಳಿಯಲು ಅನುಕೂಲವಾದ ಇಳಿಜಾರು ದಂಡೆ ಎಲ್ಲಿದೆ, ಆಪತ್ತಿಗೆ ದೋಣಿಯನ್ನು ದಡ ಹತ್ತಿಸಬಹುದಾದ ಇನ್ನೊಂದೆರಡು ಜಾಗಗಳು ಯಾವುವು, ಜೊಂಡು ದಟ್ಟವಾಗಿರುವುದು ಎಲ್ಲಿ, ಮುಳುಗಿದ ಮರದ ಬೊಡ್ಡೆಗಳು, ಮೀನಿನ ಬಲೆಗಳು ಇವೆಯೇ ಎಂಬುದನ್ನು ಗುರುತಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ ನೀರು ಹೊರಹೋಗುವ ಜಾಗಗಳನ್ನು ತಿಳಿದಿರಬೇಕು. ತೂಬಿನ ಬಾಯಿ, ಕೋಡಿ, ಅಣೆಕಟ್ಟೆಯ ಗೇಟು, ಇವುಗಳ ಹತ್ತಿರ ಸುಳಿಯಲೇ ಬಾರದು. ಕೋಡಿ ಹರಿಯುತ್ತಿರುವ ದಿನ ನಿಂತ ನೀರು ನಿಂತಂತೆ ಕಂಡರೂ ನಿಂತಿರುವುದಿಲ್ಲ. ಮೇಲ್ಮೈ ನುಣ್ಣಗೆ ಕಾಣುತ್ತಿರುವಾಗಲೇ ದೋಣಿ ಅತ್ತ ಜಾರತೊಡಗುತ್ತದೆ. ಕಟ್ಟೆಯ ಮೇಲಿಂದ ಬೀಳುವ ನೀರು ಕೆಳಗೆ ತಿರುಗಿ ತಿರುಗಿ ಮಡುವಾಗುತ್ತದೆ. ಕಟ್ಟೆ ಎಷ್ಟೇ ಗಿಡ್ಡವಾಗಿದ್ದರೂ ಅಲ್ಲಿಗೆ ಬಿದ್ದ ವ್ಯಕ್ತಿಯನ್ನು ಆ ಸುತ್ತು ಸುಲಭಕ್ಕೆ ಹೊರಗೆ ಬಿಡುವುದಿಲ್ಲ.

## ಗಾಳಿಯನ್ನು ಓದುವುದು

ಸಣ್ಣ ಕೆರೆಯಲ್ಲಿ ಪ್ರವಾಹವಿಲ್ಲ, ದೊಡ್ಡ ಅಲೆಯಿಲ್ಲ. ಅಲ್ಲಿ ನಿಮಗೆ ಎದುರಾಳಿಯೆಂದು ಯಾರಾದರೂ ಇದ್ದರೆ ಅದು ಗಾಳಿ. ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು.

ಬಿಸಿಲೇರಿದಂತೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಗಾಳಿ ಜೋರಾಗುವುದು ನಡು ಮಧ್ಯಾಹ್ನ. ಇಳಿಹೊತ್ತಿನಲ್ಲಿ ನೆಲ ತಣಿಯುತ್ತಾ ಬಂದಂತೆ ಅದೂ ತಗ್ಗುತ್ತದೆ. ಸೂರ್ಯಾಸ್ತಕ್ಕೆ ಸುಮಾರು ಮೂರು ಗಂಟೆ ಮೊದಲು ನೀರಿಗಿಳಿದು, ಅರ್ಧ ಗಂಟೆ ಮೊದಲು ದಡ ಸೇರುವ ಲೆಕ್ಕ ಇಟ್ಟುಕೊಂಡರೆ ದಿನದ ಒಳ್ಳೆಯ ಪಾಲು ನಿಮ್ಮದಾಗುತ್ತದೆ. ಕತ್ತಲಾದ ಮೇಲೆ ದೋಣಿಯಲ್ಲಿರುವುದು ದೀಪ ಮತ್ತು ಅನುಭವ ಎರಡೂ ಇದ್ದವರಿಗೆ ಬಿಟ್ಟ ವಿಷಯ.

ಗಾಳಿಯ ವೇಗವನ್ನು ಹವಾಮಾನ ಮುನ್ಸೂಚನೆ ಅಂಕಿಯಲ್ಲಿ ಹೇಳುತ್ತದೆ. ಆದರೂ ಕಣ್ಣಳತೆ ಕಲಿತಿರುವುದು ಒಳ್ಳೆಯದು. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ಫ್ರಾನ್ಸಿಸ್ ಬ್ಯೂಫರ್ಟ್ 1805ರಲ್ಲಿ ರೂಪಿಸಿದ ಮಾಪಕ ಇಂದಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಎಲೆಗಳು ಸರಸರ ಎನ್ನುತ್ತಿದ್ದು, ಮುಖಕ್ಕೆ ತಂಗಾಳಿ ತಾಗುತ್ತಿದ್ದರೆ ವೇಗ ಗಂಟೆಗೆ 6ರಿಂದ 11 ಕಿಲೋಮೀಟರ್. ಹೊಸಬರಿಗೆ ಇದು ಹೇಳಿ ಮಾಡಿಸಿದ ಗಾಳಿ. ಎಲೆಗಳ ಜೊತೆ ಸಣ್ಣ ರೆಂಬೆಗಳೂ ಬಿಡುವಿಲ್ಲದೆ ಅಲುಗುತ್ತಿದ್ದರೆ 12ರಿಂದ 19. ಆಗ ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆಯ ತಲೆ ಕಾಣತೊಡಗುತ್ತದೆ. ನೆಲದ ಧೂಳು, ಕಾಗದದ ಚೂರು ಹಾರತೊಡಗಿದರೆ ವೇಗ 20 ದಾಟಿದೆ ಎಂದು ಅರ್ಥ. ನನ್ನ ನಿಯಮ ಸರಳ: ಬಿಳಿ ನೊರೆ ಕಂಡರೆ ದೋಣಿ ಇಳಿಸುವುದಿಲ್ಲ. ಹೊಟ್ಟೆಯುರಿಸಿಕೊಂಡು ಮನೆಗೆ ಮರಳುವುದರಲ್ಲಿ ಅವಮಾನವೇನಿಲ್ಲ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಸಂಗತಿಯಿದೆ. ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಕೆರೆಯತ್ತ ಬೀಸುತ್ತಿದೆ ಎಂದುಕೊಳ್ಳಿ. ನೀವು ನಿಂತ ದಂಡೆಯ ಬಳಿ ನೀರು ಕನ್ನಡಿಯಂತಿರುತ್ತದೆ, ಏಕೆಂದರೆ ಮರಗಳ, ದಿಬ್ಬದ ಮರೆಯಲ್ಲಿ ಗಾಳಿಗೆ ಅಲೆಯೆಬ್ಬಿಸಲು ಜಾಗವೇ ಸಿಕ್ಕಿಲ್ಲ. ಅದೇ ಗಾಳಿ ಕೆರೆಯುದ್ದಕ್ಕೂ ಓಡಿ ಎದುರು ದಂಡೆ ಮುಟ್ಟುವಷ್ಟರಲ್ಲಿ ಅಲೆ ಬೆಳೆದಿರುತ್ತದೆ. ಹೋಗುವಾಗ ದೋಣಿ ತಾನಾಗಿಯೇ ತೇಲಿಹೋಗುತ್ತದೆ, ತೋಳಿಗೆ ಶ್ರಮವೇ ಗೊತ್ತಾಗುವುದಿಲ್ಲ. ಹಿಂದಿರುಗಿ ನೋಡಿದಾಗ ಹೊರಟ ಜಾಗ ದೂರದಲ್ಲಿ, ಎದುರುಗಾಳಿ ಮುಖಕ್ಕೆ, ದಣಿವು ಆಗಷ್ಟೇ ಶುರು. ಆದ್ದರಿಂದ ಮೊದಲರ್ಧವನ್ನು ಗಾಳಿಗೆ ಎದುರಾಗಿ ಸಾಗಿ. ಮೈಯಲ್ಲಿ ಕಸುವಿರುವಾಗ ಕಷ್ಟದ ಪಾಲು ಮುಗಿಯಲಿ, ಮರಳುವಾಗ ಗಾಳಿಯೇ ದೋಣಿಯನ್ನು ದೂಡಲಿ. ಇಳಿಯುವ ಜಾಗ ಅದಕ್ಕೆ ಹೊಂದದಿದ್ದರೆ ಬೇರೆ ಜಾಗದಿಂದ ಇಳಿಯಿರಿ.

ಗುಡುಗು ಕೇಳಿಸಿದರೆ ಚರ್ಚೆಯೇ ಬೇಡ, ಹತ್ತಿರದ ದಡ ಸೇರಿ. ಸಪಾಟು ನೀರಿನ ಮೇಲೆ ಎದ್ದು ಕಾಣುವ ಏಕೈಕ ವಸ್ತು ನೀವೇ ಆಗಿರುತ್ತೀರಿ. ಕೊನೆಯ ಗುಡುಗು ಕೇಳಿ 30 ನಿಮಿಷವಾಗುವ ತನಕ ಮತ್ತೆ ನೀರಿಗಿಳಿಯಬಾರದು.

## ದೋಣಿ ಮತ್ತು ಹುಟ್ಟು

ಸಣ್ಣ ಕೆರೆಗೆ ಎರಡು ಬಗೆಯ ಕಯಾಕ್‌ಗಳು ಹೊಂದುತ್ತವೆ. ಒಂದು, ಮೇಲೆ ಕೂರುವಂಥದ್ದು. ಇದರ ಒಡಲು ಪೂರ್ತಿ ಮುಚ್ಚಿರುತ್ತದೆ, ಮೇಲ್ಮೈಯಲ್ಲೇ ಆಸನ. ಒಳಬಂದ ನೀರು ತಳದ ತೂತುಗಳಿಂದ ತಾನೇ ಹೊರಹೋಗುತ್ತದೆ, ಬಿದ್ದರೆ ಮತ್ತೆ ಹತ್ತುವುದೂ ಸುಲಭ. ಇನ್ನೊಂದು, ಒಳಗೆ ಕೂರುವಂಥದ್ದು. ಕಾಲು ದೋಣಿಯ ಒಡಲೊಳಗೆ ಚಾಚಿರುತ್ತದೆ. ಬಿಸಿಲು, ತಣ್ಣನೆಯ ಗಾಳಿ ಎರಡರಿಂದಲೂ ಕಾಲಿಗೆ ರಕ್ಷಣೆ ಸಿಗುತ್ತದೆ. ಮೊಣಕಾಲು ಒಡಲಿಗೆ ತಾಗಿರುವುದರಿಂದ ದೋಣಿ ಹೇಳಿದ ಮಾತು ಬೇಗ ಕೇಳುತ್ತದೆ. ಆದರೆ ಮಗುಚಿದರೆ ತುಂಬಿಕೊಳ್ಳುವ ನೀರು ಒಬ್ಬರಿಂದ ಎತ್ತಲಾಗದಷ್ಟು. ಬೆಚ್ಚನೆಯ ನೀರು, ಮೊದಲ ಸಲದ ಅನುಭವ ಎಂದಾದರೆ ಮೇಲೆ ಕೂರುವ ದೋಣಿಯನ್ನೇ ಆರಿಸಿ ಎನ್ನುತ್ತೇನೆ. ಗಾಳಿ ತುಂಬುವ ಕಯಾಕ್‌ಗಳೂ ಕೆಟ್ಟವಲ್ಲ, ಆದರೆ ಹಗುರವಾದ್ದರಿಂದ ಗಾಳಿಗೆ ಬಲು ಬೇಗ ಸರಿಯುತ್ತವೆ.

ಅಳತೆಯ ಮಾತು: ಮೂರರಿಂದ ಮೂರೂವರೆ ಮೀಟರ್ ಉದ್ದ, 70ರಿಂದ 80 ಸೆಂಟಿಮೀಟರ್ ಅಗಲದ ದೋಣಿ ಸಾಕು. ಉದ್ದ ಹೆಚ್ಚಿದಷ್ಟೂ ದೋಣಿ ನೇರಕ್ಕೆ ಓಡುತ್ತದೆ, ಅಗಲ ಹೆಚ್ಚಿದಷ್ಟೂ ಓಲಾಟ ಕಡಿಮೆ, ವೇಗವೂ ಕಡಿಮೆ. ಕೆರೆ ಸುತ್ತಲು ಬಂದವರಿಗೆ ವೇಗದ ಚಿಂತೆ ಏಕೆ?

ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗಿರುತ್ತದೆ. ಇಷ್ಟು ಅಗಲದ ದೋಣಿಗೆ 220ರಿಂದ 240 ಸೆಂಟಿಮೀಟರ್ ಉದ್ದದ ಹುಟ್ಟು ಬೇಕಾಗುತ್ತದೆ. ಗಿಡ್ಡ ಹುಟ್ಟು ಹಿಡಿದರೆ ಪ್ರತಿ ಬಾರಿಯೂ ಪಕ್ಕಕ್ಕೆ ಬಾಗಬೇಕಾಗಿ ಬರುತ್ತದೆ, ಬೆರಳಗಂಟು ದೋಣಿಯ ಅಂಚಿಗೆ ಬಡಿಯುತ್ತದೆ. ಬಾಡಿಗೆಗೆ ತೆಗೆದುಕೊಳ್ಳುವಾಗ ಜನ ದೋಣಿಯ ಬಣ್ಣ ನೋಡುತ್ತಾರೆ, ಹುಟ್ಟನ್ನು ಕೊಟ್ಟದ್ದು ಹಿಡಿದು ಹೊರಡುತ್ತಾರೆ. ಅದು ತಿರುಗುಮುರುಗಾಗಬೇಕು. ದಿನವಿಡೀ ಎತ್ತಿ ಇಳಿಸುವುದು ಹುಟ್ಟನ್ನೇ, ಆದ್ದರಿಂದ ಇದ್ದುದರಲ್ಲಿ ಹಗುರವಾದದ್ದನ್ನು ಕೇಳಿ ಪಡೆಯಿರಿ. ಎರಡು ಅಲಗುಗಳನ್ನು ಒಂದಕ್ಕೊಂದು ಓರೆಯಾಗಿ ತಿರುಗಿಸಿಡುವ ವ್ಯವಸ್ಥೆ ಕೆಲವು ಹುಟ್ಟುಗಳಲ್ಲಿರುತ್ತದೆ. ಹೊಸಬರು ಎರಡನ್ನೂ ಒಂದೇ ನೇರಕ್ಕೆ ಇಟ್ಟುಕೊಳ್ಳಿ.

## ಮೈಮೇಲೆ, ಜೊತೆಯಲ್ಲಿ

ಲೈಫ್ ಜಾಕೆಟ್ ವಿಷಯದಲ್ಲಿ ರಿಯಾಯಿತಿಯಿಲ್ಲ. ಈಜು ಬರುತ್ತದೆ, ಕೆರೆ ಚಿಕ್ಕದು, ಸೆಕೆಯಾಗುತ್ತದೆ ಎಂಬ ಮೂರು ನೆಪಗಳನ್ನೂ ದಡದಲ್ಲೇ ಬಿಡಿ. ಅದನ್ನು ದೋಣಿಯಲ್ಲಿ ಪಕ್ಕಕ್ಕಿಟ್ಟುಕೊಂಡು ಹೋಗುವುದೂ ಇಲ್ಲದಿರುವುದೂ ಒಂದೇ, ಬಿದ್ದ ಮೇಲೆ ನೀರಿನಲ್ಲಿ ಅದನ್ನು ತೊಡುವುದು ಬಹಳ ಕಷ್ಟ. ಅಳತೆ ಸರಿಯಾಗಿದೆಯೇ ಎಂದು ನೋಡುವ ವಿಧಾನ ಹೀಗಿದೆ: ಪಟ್ಟಿಗಳನ್ನೆಲ್ಲ ಬಿಗಿದ ಮೇಲೆ ಜೊತೆಯವರು ಜಾಕೆಟ್‌ನ ಹೆಗಲನ್ನು ಹಿಡಿದು ಮೇಲಕ್ಕೆ ಎಳೆಯಲಿ. ಅದು ಗಲ್ಲ ದಾಟಿ ಕಿವಿಯವರೆಗೆ ಏರಿಬಂದರೆ ಸಡಿಲ ಎಂದೇ ಅರ್ಥ. ಸೊಂಟದ ಪಟ್ಟಿಯಿಂದ ಆರಂಭಿಸಿ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಬಿಗಿದರೆ ಸರಿಯಾಗಿ ಕೂರುತ್ತದೆ. ಜಾಕೆಟ್‌ಗೆ ಒಂದು ಸೀಟಿ ಕಟ್ಟಿಕೊಳ್ಳಿ. ಕೂಗಿಗಿಂತ ಸೀಟಿಯ ಸದ್ದು ದೂರ ಹೋಗುತ್ತದೆ, ಊದಲು ಉಸಿರೂ ಕಡಿಮೆ ಸಾಕು.

ಬಟ್ಟೆಯನ್ನು ಹೊರಗಿನ ಸೆಕೆ ನೋಡಿ ಆರಿಸಬಾರದು, ನೀರಿನ ತಣ್ಪು ನೋಡಿ ಆರಿಸಬೇಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನೀರಿನ ತಾಪ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬಿದ್ದ ಕ್ಷಣದಲ್ಲಿ ಮೈ ಬೆಚ್ಚಿ, ಉಸಿರು ತಾನಾಗಿ ಒಳಕ್ಕೆಳೆದುಕೊಳ್ಳುತ್ತದೆ. ಬಾಯಿ ಆಗ ನೀರೊಳಗಿದ್ದರೆ ಎಂಥ ಈಜುಗಾರನೂ ಕಂಗೆಡುತ್ತಾನೆ. ಅಂಥ ನೀರಿಗೆ ವೆಟ್‌ಸೂಟ್ (ಮೈಗಂಟಿ ಬೆಚ್ಚಗಿಡುವ ರಬ್ಬರಿನಂಥ ಉಡುಪು) ಬೇಕು, ಇಲ್ಲದಿದ್ದರೆ ಬೆಚ್ಚನೆಯ ಕಾಲಕ್ಕೆ ಕಾಯಬೇಕು. ಬೇಸಿಗೆಯ ನೀರಿಗೆ ಬೇಗ ಒಣಗುವ ಪಾಲಿಯೆಸ್ಟರ್ ಬಟ್ಟೆ ಸಾಕು. ಹತ್ತಿ ಬಟ್ಟೆ ಒದ್ದೆಯಾದರೆ ಒಣಗದೆ ಮೈಗಂಟಿ ಚಳಿ ಹಿಡಿಸುತ್ತದೆ. ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಅಥವಾ ಹಳೆಯ ಶೂ ಹಾಕಿ, ಕೆರೆಯ ತಳದ ಕೆಸರಿನಲ್ಲಿ ಗಾಜು, ಮೀನಿನ ಗಾಳ ಏನಿದೆಯೋ ಕಾಣುವುದಿಲ್ಲ. ಬಿಸಿಲು ಮೇಲಿನಿಂದಷ್ಟೇ ಅಲ್ಲ, ನೀರಿನಿಂದಲೂ ಪ್ರತಿಫಲಿಸಿ ಬರುತ್ತದೆ. ಹಾಗಾಗಿ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಗಲ್ಲದ ಕೆಳಭಾಗಕ್ಕೂ ಸನ್‌ಸ್ಕ್ರೀನ್ ಬೇಕು.

ಜೊತೆಗೆ ಕುಡಿಯುವ ನೀರು, ಜಲನಿರೋಧಕ ಚೀಲದಲ್ಲಿ ಮೊಬೈಲ್, ದೋಣಿಯೊಳಗಿನ ನೀರು ಒರೆಸಲು ಒಂದು ಸ್ಪಂಜು. ಮೊಬೈಲ್ ಮೈಮೇಲಿರಲಿ, ದೋಣಿ ಕೈತಪ್ಪಿದರೂ ಅದು ನಿಮ್ಮ ಬಳಿಯೇ ಉಳಿಯಬೇಕು. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ಒಬ್ಬರಿಗಾದರೂ ತಿಳಿಸಿ ಹೊರಡಿ. ಸ್ಪೀಕರ್ ಒಯ್ಯುವವರಿಗೆ ಹೇಳುವುದೇನೂ ಇಲ್ಲ.

## ದಡದಲ್ಲೇ ಒಮ್ಮೆ ಕೂತು ನೋಡಿ

ದೋಣಿಯನ್ನು ಹುಲ್ಲಿನ ಮೇಲಿಟ್ಟು ಒಳಗೆ ಕೂರಿ. ಬೆನ್ನು ನೆಟ್ಟಗೆ, ತುಸುವೇ ಮುಂದಕ್ಕೆ ಬಾಗಿರಲಿ. ಹಿಂದಿನ ಒರಗು ಸೊಂಟಕ್ಕೆ ಆಸರೆಯಾಗಲು ಇರುವಂಥದ್ದು, ಆರಾಮಕುರ್ಚಿಯಲ್ಲಿ ಬಿದ್ದುಕೊಂಡಂತೆ ಒರಗಿದರೆ ಹದಿನೈದು ನಿಮಿಷದಲ್ಲಿ ಬೆನ್ನು ಹಿಡಿಯುತ್ತದೆ. ಅಂಗಾಲಿನ ಮುಂಭಾಗ, ಪಾದ ಊರಲು ದೋಣಿಯಲ್ಲಿರುವ ಕಾಲೊತ್ತುಗಳಿಗೆ ತಾಗಿ, ಮೊಣಕಾಲು ಸ್ವಲ್ಪ ಮಡಚಿ ಹೊರಕ್ಕೆ ಬಾಗಿರುವಂತೆ ಅವುಗಳನ್ನು ಹಿಂದೆ ಮುಂದೆ ಸರಿಸಿಕೊಳ್ಳಿ. ನೀರಿನ ಮೇಲೆ ಇದನ್ನು ಸರಿಪಡಿಸುತ್ತೇನೆಂದು ಬಗ್ಗಿದವರು ಮಗುಚುವ ಸಾಧ್ಯತೆ ಹೆಚ್ಚು.

ಈಗ ಹುಟ್ಟನ್ನು ತಲೆಯ ಮೇಲೆ ಅಡ್ಡ ಇಟ್ಟು ಹಿಡಿಯಿರಿ. ಎರಡೂ ಮೊಣಕೈ ಲಂಬಕೋನದಲ್ಲಿ ಮಡಚಿರುವಂತೆ ಕೈಗಳನ್ನು ಸರಿಸಿ. ಹಿಡಿಯಬೇಕಾದ ಜಾಗ ಅದೇ. ಅಲಗಿನ ಒಳಬಾಗಿದ ಮುಖ ನಿಮ್ಮ ಕಡೆಗಿರಬೇಕು. ಅಲಗಿನ ಎರಡು ಅಂಚುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಇದ್ದರೆ ಉದ್ದದ ಅಂಚು ಮೇಲೆ ಬರಬೇಕು. ಎಷ್ಟೋ ಜನ ಹುಟ್ಟನ್ನು ತಲೆಕೆಳಗಾಗಿ ಹಿಡಿದು, ದೋಣಿಯೇ ಸರಿಯಿಲ್ಲ ಎನ್ನುತ್ತಾರೆ.

ಒಳಗೆ ಕೂರುವ ದೋಣಿಯಾದರೆ ಇನ್ನೊಂದು ಅಭ್ಯಾಸ ಮಾಡಿ: ಮುಂದಕ್ಕೆ ಬಾಗಿ, ಎರಡೂ ಅಂಗೈಗಳನ್ನು ಸೊಂಟದ ಪಕ್ಕ ದೋಣಿಯ ಅಂಚಿಗೆ ಊರಿ, ಪ್ಯಾಂಟು ಕಳಚಿದ ಹಾಗೆ ದೋಣಿಯನ್ನು ಮೈಯಿಂದ ಕಾಲಿನತ್ತ ದೂಡಿ ಹೊರಬನ್ನಿ. ಮಗುಚಿದಾಗ ಮಾಡಬೇಕಾದ್ದು ಇದನ್ನೇ.

## ನೀರಿಗಿಳಿಯುವುದು

1. ದೋಣಿಯನ್ನು ಇಬ್ಬರು ಎರಡು ತುದಿ ಹಿಡಿದು ಒಯ್ಯಿರಿ, ಕಲ್ಲಿನ ಮೇಲೆ ಎಳೆಯಬೇಡಿ. ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಚಿ.

2. ದೋಣಿ ಪೂರ್ತಿ ತೇಲುವಂತೆ, ದಂಡೆಗೆ ಸಮಾನಾಂತರವಾಗಿ, ಮೊಣಕಾಲಿಗಿಂತ ಕಡಿಮೆ ಆಳದಲ್ಲಿ ನಿಲ್ಲಿಸಿ. ಅರ್ಧ ದಡದಲ್ಲಿ, ಅರ್ಧ ನೀರಿನಲ್ಲಿ ಇರುವ ದೋಣಿ ಅತಿ ಹೆಚ್ಚು ಓಲಾಡುತ್ತದೆ.

3. ದೋಣಿಯ ಎರಡೂ ಬದಿಗೆ ನೀರಿನಲ್ಲಿ ಒಂದೊಂದು ಕಾಲಿಟ್ಟು, ಆಸನ ಕಾಲುಗಳ ನಡುವೆ ಬರುವಂತೆ ನಿಂತುಕೊಳ್ಳಿ. ಮೊದಲು ಕುಳಿತುಬಿಡಿ, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತನ್ನಿ. ಮೊದಲು ಕಾಲಿಟ್ಟು ಆಮೇಲೆ ಕೂರಲು ಹೋಗುವುದೇ ದಡದಲ್ಲಿ ನಗೆಪಾಟಲಾಗುವ ದಾರಿ.

4. ನೀರಿನ ಮೇಲೆ ಚಾಚಿದ ಹಲಗೆಯ ಕಟ್ಟೆಯಿಂದ ಇಳಿಯುವುದಾದರೆ ಕಟ್ಟೆಯ ಅಂಚಿನಲ್ಲಿ ಕುಳಿತು, ಪಾದಗಳನ್ನು ದೋಣಿಯ ನಡುಗೆರೆಯ ಮೇಲಿಟ್ಟು, ಒಂದು ಕೈ ಕಟ್ಟೆಯ ಮೇಲೇ ಇರುವಂತೆ ಮೈಯನ್ನು ತಗ್ಗಿಸಿಕೊಂಡೇ ಜಾರಿ ಕೂರಿ.

5. ಹುಟ್ಟು ಕೈಗೆಟುಕುವಲ್ಲಿ ಇದೆಯೆಂದು ಖಚಿತಪಡಿಸಿಕೊಂಡು ಹೊರಡಿ. ಮೊದಲ ಎರಡು ನಿಮಿಷ ಸುಮ್ಮನೆ ಸೊಂಟವನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ. ದೋಣಿ ತುಸು ವಾಲಿದರೂ ತಲೆ ನಡುವಿನಲ್ಲೇ ಇದ್ದರೆ ಬೀಳುವುದಿಲ್ಲ ಎಂಬುದು ಮೈಗೆ ತಿಳಿಯಲಿ.

## ಹುಟ್ಟು ಹಾಕುವುದು

ತೋಳಿನಿಂದ ಎಳೆಯುವವರು ಅರ್ಧ ಗಂಟೆಯಲ್ಲಿ ಸುಸ್ತಾಗುತ್ತಾರೆ. ದುಡಿಯಬೇಕಾದದ್ದು ಸೊಂಟದ ಮೇಲಿನ ಇಡೀ ಮೈ. ಬಲಗಡೆಯ ಒಂದು ಎಳೆತವನ್ನು ಬಿಡಿಸಿ ನೋಡೋಣ. ಬಲ ಹೆಗಲು ಮುಂದಕ್ಕೆ ಬರುವಂತೆ ಎದೆಯನ್ನು ಎಡಕ್ಕೆ ತಿರುಗಿಸಿ. ಬಲ ಅಲಗನ್ನು ಬಲಪಾದದ ಪಕ್ಕದ ನೀರಿನಲ್ಲಿ ಪೂರ್ತಿ ಮುಳುಗಿಸಿ, ಸದ್ದಿಲ್ಲದೆ. ಮುಳುಗುವ ತನಕ ಎಳೆಯಬೇಡಿ. ಈಗ ಎದೆಯನ್ನು ಬಲಕ್ಕೆ ತಿರುಗಿಸುತ್ತಾ ಬನ್ನಿ, ತೋಳು ಹೆಚ್ಚುಕಡಿಮೆ ನೀಳವಾಗಿಯೇ ಇರಲಿ, ಬಲಪಾದ ಕಾಲೊತ್ತನ್ನು ಒತ್ತಲಿ. ಅಲಗು ಸೊಂಟದ ನೇರಕ್ಕೆ ಬಂದೊಡನೆ ಅಂಚು ಮೊದಲಾಗಿ ಪಕ್ಕಕ್ಕೆ ಎತ್ತಿಬಿಡಿ. ಸೊಂಟ ದಾಟಿ ಹಿಂದಕ್ಕೆ ಎಳೆದರೆ ದೋಣಿ ಮುಂದೆ ಹೋಗುವುದಿಲ್ಲ, ಅಲಗು ನೀರನ್ನು ಮೇಲಕ್ಕೆತ್ತಿ ಚೆಲ್ಲುತ್ತದೆ ಅಷ್ಟೇ. ಅಷ್ಟು ಹೊತ್ತಿಗೆ ಎದೆ ಬಲಕ್ಕೆ ತಿರುಗಿ, ಎಡ ಅಲಗು ಎಡಪಾದದ ಪಕ್ಕ ಇಳಿಯಲು ಸಿದ್ಧವಾಗಿರುತ್ತದೆ.

ಮೇಲಿರುವ ಕೈ ಹೆಗಲ ಮಟ್ಟ ದಾಟುವುದು ಬೇಡ. ಬೆರಳುಗಳು ಹುಟ್ಟಿನ ಕೋಲನ್ನು ಕೊಕ್ಕೆಯಂತೆ ಹಿಡಿದಿದ್ದರೆ ಸಾಕು, ಹಿಸುಕಿದರೆ ಮಣಿಕಟ್ಟು ನೋಯುತ್ತದೆ, ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಏಳುತ್ತದೆ.

ಎಳೆತ ಸರಿಯಾಗಿದೆಯೇ ಎಂದು ತಿಳಿಯಲು ಅಲಗು ಎದ್ದ ಜಾಗವನ್ನು ಒಮ್ಮೆ ನೋಡಿ. ಚೊಕ್ಕವಾಗಿ ಎತ್ತಿದ್ದರೆ ಅಲಗಿನ ಎರಡು ಅಂಚುಗಳಿದ್ದಲ್ಲಿ ಎರಡು ಪುಟ್ಟ ಸುಳಿಗಳು ಎದುರುಬದುರು ದಿಕ್ಕಿಗೆ ತಿರುಗುತ್ತಾ ಹಿಂದೆ ಉಳಿಯುತ್ತವೆ. ಗುಳ್ಳೆ, ನೊರೆ, ಸಿಡಿದ ಹನಿ ಕಂಡರೆ ಅಲಗು ಗಾಳಿಯನ್ನೂ ಒಳಗೆಳೆದಿದೆ, ಇಲ್ಲವೇ ನೀವು ಅವಸರ ಮಾಡಿದ್ದೀರಿ. ಕಿವಿಯೂ ಇದನ್ನು ಹೇಳುತ್ತದೆ: ಒಳ್ಳೆಯ ಎಳೆತದಲ್ಲಿ ಕೇಳಿಸುವುದು ಎತ್ತಿದ ಅಲಗಿನಿಂದ ತೊಟ್ಟಿಕ್ಕುವ ಹನಿಗಳ ಸದ್ದು ಮಾತ್ರ.

ಸಾಮಾನ್ಯ ಗತಿಯಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಬಹುದು, ನಡಿಗೆಯಷ್ಟೇ ವೇಗ. ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡಲು ಆಗುತ್ತಿದ್ದರೆ ಗತಿ ಸರಿಯಾಗಿದೆ.

ತಿರುಗಲು ಅಲಗನ್ನು ಪಾದದ ಬಳಿ ಇಳಿಸಿ, ದೋಣಿಯಿಂದ ದೂರಕ್ಕೆ ಅಗಲವಾದ ಅರ್ಧಚಂದ್ರ ಬರೆದು ಹಿಂಬದಿಗೆ ತನ್ನಿ. ಬಲಗಡೆ ಬರೆದರೆ ಮೂತಿ ಎಡಕ್ಕೆ ತಿರುಗುತ್ತದೆ. ಇದ್ದಲ್ಲೇ ತಿರುಗಬೇಕೆಂದರೆ ಬಲಗಡೆ ಮುಂದಿನಿಂದ ಹಿಂದಕ್ಕೆ, ಎಡಗಡೆ ಹಿಂದಿನಿಂದ ಮುಂದಕ್ಕೆ ಬರೆಯಿರಿ. ನಿಲ್ಲಿಸಲು ಎಡ, ಬಲ, ಎಡ ಎಂದು ಗಿಡ್ಡ ಗಿಡ್ಡ ಹಿಮ್ಮುಖ ತಳ್ಳುಗಳು ಸಾಕು. ಒಂದೇ ಕಡೆ ಜೋರಾಗಿ ತಳ್ಳಿದರೆ ದೋಣಿ ನಿಲ್ಲುವ ಬದಲು ಗಿರಕಿ ಹೊಡೆಯುತ್ತದೆ. ಪಕ್ಕಕ್ಕೆ ವಾಲಿ ಇನ್ನೇನು ಬಿದ್ದೆವು ಎನ್ನುವಾಗ ಆ ಬದಿಯ ಅಲಗಿನ ಬೆನ್ನನ್ನು ನೀರಿಗೆ ಚಪ್ಪಟೆಯಾಗಿ ಬಡಿದು, ಸೊಂಟದಿಂದ ದೋಣಿಯನ್ನು ನೇರ ಮಾಡಿಕೊಳ್ಳಿ. ಇದನ್ನು ಸೊಂಟದಾಳದ ನೀರಿನಲ್ಲಿ ಬೇಕೆಂದೇ ವಾಲಿ ಅಭ್ಯಾಸ ಮಾಡಬೇಕು.

ಅಡ್ಡಗಾಳಿ ಬೀಸುವಾಗ ದೋಣಿಯ ಮೂತಿ ಹಟಮಾಡಿ ಗಾಳಿಯತ್ತಲೇ ತಿರುಗುತ್ತದೆ. ಸಾಗುತ್ತಿರುವ ದೋಣಿಯ ಮೂತಿಯನ್ನು ಎದುರಿನ ನೀರು ಒತ್ತಿ ಹಿಡಿದಿರುತ್ತದೆ, ಹಿಂಬದಿಗೆ ಆ ಹಿಡಿತವಿಲ್ಲ. ಹಾಗಾಗಿ ಗಾಳಿ ಹಿಂಬದಿಯನ್ನಷ್ಟೇ ಪಕ್ಕಕ್ಕೆ ತಳ್ಳುತ್ತದೆ. ದೋಣಿಯಲ್ಲಿ ದೋಷ ಹುಡುಕದೆ, ಗಾಳಿ ಬರುವ ಕಡೆಯ ಎಳೆತವನ್ನು ತುಸು ಅಗಲ ಮಾಡಿ.

## ದಂಡೆ ಹಿಡಿದು ಒಂದು ಸುತ್ತು

ಕೆರೆಯ ನಡುವೆ ನೇರಕ್ಕೆ ದಾಟಿಹೋಗುವ ಆಸೆ ಎಲ್ಲರಿಗೂ ಬರುತ್ತದೆ. ನಡುವೆ ನೋಡಲು ಏನೂ ಇಲ್ಲ. ಕೆರೆಯ ಬದುಕೆಲ್ಲ ಇರುವುದು ಅಂಚಿನಲ್ಲಿ, ಜೊಂಡು ನೀರಿಗಿಳಿಯುವ ಕಡೆ, ಬಾಗಿದ ಮರದ ನೆರಳಲ್ಲಿ, ಎಲೆಗಳು ಹಾಸಿದ ಆಳವಿಲ್ಲದ ಮೂಲೆಗಳಲ್ಲಿ. ಸುರಕ್ಷತೆಯ ಲೆಕ್ಕವೂ ಅದನ್ನೇ ಹೇಳುತ್ತದೆ. ಲೈಫ್ ಜಾಕೆಟ್ ತೊಟ್ಟು, ಒದ್ದೆ ಬಟ್ಟೆಯಲ್ಲಿ, ಒಂದು ಕೈಯಲ್ಲಿ ದೋಣಿ ಎಳೆದುಕೊಂಡು ಎಷ್ಟು ದೂರ ಈಜಬಲ್ಲಿರೋ ದಡದಿಂದ ಅಷ್ಟೇ ದೂರವಿರಿ. ಹಲವರಿಗೆ ಅದು 50 ಮೀಟರ್ ಕೂಡ ಆಗಿರುವುದಿಲ್ಲ.

ಮಧ್ಯೆ ಮಧ್ಯೆ ಹುಟ್ಟನ್ನು ತೊಡೆಯ ಮೇಲೆ ಅಡ್ಡವಿಟ್ಟು ನಿಂತುಬಿಡಿ. ಈ ಮಧ್ಯಾಹ್ನದ ನಿಜವಾದ ಕಸುಬು ಇದು. ಹೊಸಬರು ಇದನ್ನು ಕೊನೆಗೆ ಕಲಿಯುತ್ತಾರೆ. ಮರೆಯಿರುವ ಮೂಲೆಯಲ್ಲಿ ನಿಂತು ಹತ್ತು ನಿಮಿಷ ಕಾದರೆ ಕೆರೆ ನಿಮ್ಮನ್ನು ಮರೆತು ತನ್ನ ಕೆಲಸಕ್ಕೆ ಮರಳುತ್ತದೆ. ನೀರಿನ ಮೇಲೆ ನಡೆದಾಡುವ ಕಡ್ಡಿಕಾಲಿನ ಕೀಟವನ್ನು ನೋಡಿ. ಪ್ರತಿ ಕಾಲಿನ ಕೆಳಗೂ ನೀರಿನ ಪೊರೆ ಚಿಕ್ಕ ಗುಳಿಯಾಗಿ ಬಾಗಿರುತ್ತದೆ, ಹರಿದಿರುವುದಿಲ್ಲ. ಆಳ ಕಡಿಮೆಯಿದ್ದು ಬಿಸಿಲು ಬೀಳುತ್ತಿದ್ದರೆ ಆ ಗುಳಿಗಳ ನೆರಳು ತಳದ ಕೆಸರಿನ ಮೇಲೆ ದುಂಡು ಚುಕ್ಕೆಗಳಾಗಿ, ಕೀಟದ ಮೈಯ ನೆರಳಿಗಿಂತ ದೊಡ್ಡದಾಗಿ, ಅದರ ಜೊತೆಗೇ ಜಾರುತ್ತಾ ಹೋಗುತ್ತದೆ. ನಿಂತ ವ್ಯಕ್ತಿಗೆ ಇದು ಕಾಣುವುದು ಕಷ್ಟ. ಕಯಾಕ್‌ನಲ್ಲಿ ಕಣ್ಣು ನೀರಿನಿಂದ ಒಂದು ಮೀಟರಿಗಿಂತ ಮೇಲಿರುವುದಿಲ್ಲ, ಅದರ ಲಾಭ ಇಂಥದ್ದು.

ಹಕ್ಕಿಗಳ ವಿಷಯದಲ್ಲಿ ಒಂದು ಶಿಷ್ಟಾಚಾರ ಪಾಲಿಸಿ. ನಾಮದ ಕೋಳಿ, ಗುಳುಮುಳುಕ ಮುಂತಾದವು ಥಟ್ಟನೆ ಹಾರಲಾರವು, ನೀರಿನ ಮೇಲೆ ದೂರ ಓಡಿ ಮೇಲೇರಬೇಕು. ಅವುಗಳನ್ನು ಎಬ್ಬಿಸುವುದೆಂದರೆ ಸುಮ್ಮನೆ ದಣಿಸುವುದು. ಹಕ್ಕಿ ತಿನ್ನುವುದನ್ನು ಬಿಟ್ಟು ಕತ್ತೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ಹತ್ತಿರ ಬಂದಾಗಿದೆ. ನೇರ ಅದರತ್ತ ಮೂತಿ ಮಾಡದೆ, ಓರೆಯಾಗಿ ದಾಟಿಹೋಗಿ. ಗೂಡು ಕಟ್ಟುವ ಕಾಲದಲ್ಲಿ ಜೊಂಡಿನೊಳಕ್ಕೆ ದೋಣಿ ನುಗ್ಗಿಸಬೇಡಿ.

ದಾರಿ ಲೆಕ್ಕ ಹಾಕುವಾಗ ಇಳಿಬಿಸಿಲನ್ನೂ ಗಮನದಲ್ಲಿಡಿ. ಮರಳುವ ಹೊತ್ತಿಗೆ ಸೂರ್ಯ ಎದುರಿಗಿದ್ದರೆ ನೀರೆಲ್ಲ ಒಂದೇ ಹೊಳಪಾಗಿ ಮುಳುಗಿದ ಬೊಡ್ಡೆಗಳು ಕಾಣುವುದಿಲ್ಲ.

## ಮಗುಚಿದರೆ

ಅಗಲದ ದೋಣಿ ನಿಂತ ನೀರಿನಲ್ಲಿ ಸುಮ್ಮನೆ ಮಗುಚುವುದಿಲ್ಲ. ಬಿದ್ದ ವಸ್ತು ಎತ್ತಲು ಬಾಗಿದಾಗ, ಹಿಂದೆ ತಿರುಗಿ ಫೋಟೊ ತೆಗೆಯುವಾಗ, ಕೊಂಬೆ ಹಿಡಿದು ನೇತಾಡಿದಾಗ ಮಗುಚುತ್ತದೆ. ಬಿದ್ದರೆ ಮೊದಲ ಒಂದು ನಿಮಿಷ ಏನನ್ನೂ ಮಾಡಲು ಹೋಗಬೇಡಿ. ಜಾಕೆಟ್ ತೇಲಿಸುತ್ತದೆ, ಉಸಿರು ಹತೋಟಿಗೆ ಬರಲಿ. ಒಂದು ಕೈ ದೋಣಿಯ ಮೇಲೆ, ಇನ್ನೊಂದು ಹುಟ್ಟಿನ ಮೇಲೆ ಇರಲಿ. ದೋಣಿಯನ್ನು ಬಿಟ್ಟು ಈಜಬೇಡಿ, ಅದು ತೇಲುವ ಆಸರೆ, ಜೊತೆಗೆ ದೂರದಿಂದ ಕಾಣುವ ಗುರುತು.

ಮೇಲೆ ಕೂರುವ ದೋಣಿಯಾದರೆ ಅದನ್ನು ನೇರ ಮಾಡಿ, ಆಸನದ ಪಕ್ಕಕ್ಕೆ ಬನ್ನಿ. ಕಾಲುಗಳನ್ನು ಹಿಂದಕ್ಕೆ ನೀರಿನ ಮಟ್ಟಕ್ಕೆ ತಂದು ಜೋರಾಗಿ ಒದೆಯುತ್ತಾ ಹೊಟ್ಟೆಯ ಮೇಲೆ ದೋಣಿಗೆ ಅಡ್ಡವಾಗಿ ಎಳೆದುಕೊಳ್ಳಿ. ಮೈ ನೇರ ನೀರಿನಲ್ಲಿ ನಿಂತಿದ್ದರೆ ಕಾಲು ದೋಣಿಯ ಅಡಿಗೆ ಸರಿದು ಹತ್ತಲಾಗುವುದಿಲ್ಲ. ಹೊಟ್ಟೆಯ ಮೇಲಿಂದ ಹೊರಳಿ ಆಸನಕ್ಕೆ ಕುಳಿತು, ಕೊನೆಗೆ ಕಾಲುಗಳನ್ನು ಒಳಗೆ ತನ್ನಿ. ಒಳಗೆ ಕೂರುವ ದೋಣಿಯಾದರೆ ಹತ್ತುವ ಸಾಹಸ ಬೇಡ. ಮೂತಿಯ ಹಿಡಿಕೆ ಹಿಡಿದು, ಅಂಗಾತ ಮಲಗಿ ಕಾಲು ಬಡಿಯುತ್ತಾ ದಡಕ್ಕೆ ಎಳೆದೊಯ್ಯಿರಿ. ದಡದಲ್ಲಿ ಅದನ್ನು ಪಕ್ಕಕ್ಕೆ ವಾಲಿಸಿ ನೀರಿನ ಬಹುಭಾಗ ಚೆಲ್ಲಿ, ಆಮೇಲೆ ಕವುಚಿ ಒಂದು ತುದಿ ಎತ್ತಿದರೆ ಉಳಿದದ್ದು ಇಳಿದುಹೋಗುತ್ತದೆ. ತುಂಬಿದ ದೋಣಿಯನ್ನು ಎತ್ತಲು ಹೋದರೆ ಬೆನ್ನು ಉಳುಕುತ್ತದೆ.

## ದಡ ಸೇರಿದ ಮೇಲೆ

ಹತ್ತಿದ್ದರ ತಿರುಗುಮುರುಗು ಕ್ರಮದಲ್ಲಿ ಇಳಿಯಿರಿ: ಮೊದಲು ಎರಡೂ ಕಾಲು ಹೊರಗೆ, ಪಾದ ತಳಕ್ಕೆ ಊರಿದ ಮೇಲೆ ಏಳುವುದು. ಎರಡು ಗಂಟೆ ಕುಳಿತ ಕಾಲಿಗೆ ಜೋಮು ಹಿಡಿದಿರುತ್ತದೆ, ಆತುರ ಬೇಡ.

ತಳದ ಬಿರಡೆ ತೆಗೆದು ಒಳಗಿನ ನೀರನ್ನು ಆ ಕೆರೆಯ ದಂಡೆಯಲ್ಲೇ ಚೆಲ್ಲಿ. ದೋಣಿಯ ಒಡಲು, ಹುಟ್ಟು, ಶೂ, ಜಾಕೆಟ್‌ಗೆ ಅಂಟಿದ ಕಳೆ, ಕೆಸರನ್ನು ತೊಳೆದು ಪೂರ್ತಿ ಒಣಗಿಸಿದ ಮೇಲಷ್ಟೇ ಇನ್ನೊಂದು ಕೆರೆಗೆ ಇಳಿಸಬೇಕು. ಹಲವು ಜಲಕಳೆಗಳು ಬೆರಳುದ್ದದ ತುಂಡಿನಿಂದಲೂ ಚಿಗುರಿ ಕೆರೆಯನ್ನೇ ಮುಚ್ಚಿಬಿಡುತ್ತವೆ. ಬಸವನಹುಳುಗಳ, ಚಿಪ್ಪುಜೀವಿಗಳ ಕಣ್ಣಿಗೆ ಕಾಣದ ಮರಿಗಳು ಒಂದು ಬೊಗಸೆ ನೀರಿನಲ್ಲಿ ಪಯಣಿಸುತ್ತವೆ. ಪ್ಲಾಸ್ಟಿಕ್ ದೋಣಿಯನ್ನು ಬಿಸಿಲಿನಲ್ಲಿ ಬಿಟ್ಟರೆ ಸೊಟ್ಟಗಾಗುತ್ತದೆ, ಆದ್ದರಿಂದ ನೆರಳಿನಲ್ಲಿ ಕವುಚಿ ಒಣಗಿಸಿ. ಜಾಕೆಟ್ ಅನ್ನು ಮಡಚಿಡದೆ ಗಾಳಿಯಾಡುವಲ್ಲಿ ತೂಗುಹಾಕಿ. ಹೊರಡುವಾಗ ಮರಳುವ ಹೊತ್ತು ತಿಳಿಸಿದ್ದವರಿಗೆ ದಡ ಸೇರಿದ ಸುದ್ದಿಯನ್ನೂ ಮುಟ್ಟಿಸಿ, ಅವರು ಗಡಿಯಾರ ನೋಡುತ್ತಾ ಕೂರುವುದು ಬೇಡ.